ಹುಬ್ಬಳ್ಳಿ-ಧಾರವಾಡದಿಂದ ಮೊಸಳೆ, ಹಾವು ನೋಡಲು ಹೊರಟರೆ: ದಾಂಡೇಲಿ, ಬಿಂಕದಕಟ್ಟಿ, ಆಗುಂಬೆ, ಪಿಲಿಕುಳ

ಹುಬ್ಬಳ್ಳಿ-ಧಾರವಾಡದ ಮಂದಿಗೆ ಮೊಸಳೆ, ಹಾವು, ಆಮೆ ನೋಡಿ ಒಂದೇ ದಿನದಲ್ಲಿ ಮನೆಗೆ ವಾಪಸಾಗುವಂಥ ಜಾಗ ಎರಡಿವೆ: ದಾಂಡೇಲಿಯ ಕಾಳಿ ನದಿ ದಂಡೆ, ಗದಗದ ಪಕ್ಕದ ಬಿಂಕದಕಟ್ಟಿ ಮೃಗಾಲಯ. ರಾತ್ರಿ ಉಳಿಯುವ ತಯಾರಿ ಇದ್ದರೆ ಆಗುಂಬೆ, ಮಂಗಳೂರಿನ ಪಿಲಿಕುಳ. ನಾಲ್ಕರಲ್ಲಿ ಮೊದಲ ಸ್ಥಾನ ದಾಂಡೇಲಿಗೇ. ಆದರೆ ಜಾಗ ಆರಿಸುವ ಮುಂಚೆ ತಿಂಗಳು ಮತ್ತು ಹೊತ್ತು ಆರಿಸಬೇಕು. ‘ಮೊಸಳೆ ಅಲುಗಾಡಲೇ ಇಲ್ಲ’, ‘ಹಾವು ಮೂಲೆಯಲ್ಲಿ ಮುದುಡಿ ಬಿದ್ದಿತ್ತು, ದುಡ್ಡು ದಂಡ’ ಎಂದು ಬರುವ ದೂರುಗಳಲ್ಲಿ ಹೆಚ್ಚಿನವು ತಪ್ಪು ಹೊತ್ತಿಗೆ ಹೋದವರವು. ಸರೀಸೃಪಗಳ ಮೈ ತನಗೆ ಬೇಕಾದ ಬಿಸಿಯನ್ನು ನಮ್ಮ ಹಾಗೆ ಒಳಗಿನಿಂದ ಹುಟ್ಟಿಸಿಕೊಳ್ಳುವುದಿಲ್ಲ. ಬಿಸಿಲು, ನೆರಳು, ನೀರು, ಬಿಲ ಇವುಗಳ ನಡುವೆ ಜಾಗ ಬದಲಿಸುತ್ತ ಮೈ ಹದ ಮಾಡಿಕೊಳ್ಳುತ್ತವೆ. ಅವು ಜಾಗ ಬದಲಿಸುವ ಹೊತ್ತಿಗೆ ನೀವು ಅಲ್ಲಿದ್ದರೆ ನೋಡುವುದಕ್ಕೆ ಬೇಕಾದಷ್ಟಿರುತ್ತದೆ.

ದಾಂಡೇಲಿ ಧಾರವಾಡದಿಂದ ಹಳಿಯಾಳದ ಮೇಲೆ ಸುಮಾರು 55 ಕಿ.ಮೀ., ಹುಬ್ಬಳ್ಳಿಯಿಂದ ಸುಮಾರು 75 ಕಿ.ಮೀ. ವಾಯವ್ಯ ಸಾರಿಗೆಯ ಬಸ್ಸುಗಳಿವೆ, ಸ್ವಂತ ಗಾಡಿ ಇದ್ದರೆ ಇನ್ನೂ ಅನುಕೂಲ. ಮೊಸಳೆ ನೋಡುವ ಹೆಸರುವಾಸಿ ಜಾಗ ಹಾಲಮಡ್ಡಿ ಹತ್ತಿರದ ದಾಂಡೇಲಪ್ಪನ ಗುಡಿ ಬಳಿಯ ನದಿ ದಂಡೆ. ಊರೊಳಗಿಂದ ಆಟೋದವರಿಗೆ ಗುಡಿಯ ಹೆಸರು ಹೇಳಿದರೆ ಸಾಕು. ಇಲ್ಲಿರುವುದು ಮಗ್ಗರ್, ಅಂದರೆ ನಮ್ಮ ಕೆರೆ-ಹೊಳೆಗಳ ಸಿಹಿನೀರಿನ ಮೊಸಳೆ. ಇದನ್ನು ಯಾರೂ ತಂದು ಬಿಟ್ಟಿಲ್ಲ, ಸಾಕಿಲ್ಲ, ಕಾಳಿಯೇ ಇದರ ಮನೆ. ಅದಕ್ಕೇ ಇದು ಮೊದಲ ಸ್ಥಾನದಲ್ಲಿದೆ.

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹೋಗಿ. ರಾತ್ರಿಯ ಚಳಿಗೆ ಮೊಸಳೆಯ ಮೈ ತಣ್ಣಗಾಗಿರುತ್ತದೆ, ಬೆಳಗಿನ ಬಿಸಿಲು ದಂಡೆಯ ಬಂಡೆ ಮತ್ತು ಮರಳನ್ನು ಕಾಯಿಸತೊಡಗಿದಾಗ ಅದು ನೀರು ಬಿಟ್ಟು ಮೇಲೇರುತ್ತದೆ. ಒಂಬತ್ತು ಗಂಟೆಯಿಂದ ಹನ್ನೆರಡರವರೆಗೆ ಒಳ್ಳೆಯ ಹೊತ್ತು. ಆರು ಗಂಟೆಗೇ ಹೋಗಿ ಮಂಜಿನಲ್ಲಿ ನಿಂತರೆ ಕಾಣುವುದು ನೀರು ಮಾತ್ರ. ಮಾರ್ಚ್‌ನಿಂದ ಲೆಕ್ಕ ತಿರುವುಮುರುವಾಗುತ್ತದೆ: ಬೆಳಿಗ್ಗೆ ಎಂಟೂವರೆಯೊಳಗೆ ಬಿಸಿಲು ಕಾಯಿಸಿ ಮುಗಿಸುತ್ತವೆ, ನಡುಹಗಲು ನೀರಿನಲ್ಲೋ ದಂಡೆಗೆ ಕೊರೆದ ಬಿಲದಲ್ಲೋ ಕಳೆದು ಇಳಿಹೊತ್ತಿಗೆ ಮತ್ತೆ ಬರುತ್ತವೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಮಧ್ಯಾಹ್ನ ಊಟ ಮುಗಿಸಿ ಹೋಗುವವರಿಗೆ ಏನೂ ಕಾಣದಿರಲು ಇದೇ ಕಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಹೋಗಲೇಬೇಡಿ. ಕೆಂಪು ನೀರು ದಂಡೆ ಮುಟ್ಟಿರುತ್ತದೆ, ಮಲಗಲು ಒಣ ಜಾಗ ಉಳಿದಿರುವುದಿಲ್ಲ.

ಒಳ್ಳೆಯ ತಿಂಗಳಲ್ಲೂ ಒಮ್ಮೊಮ್ಮೆ ಬಂಡೆಗಳೆಲ್ಲ ಮುಳುಗಿರುವುದುಂಟು. ಮೇಲ್ಗಡೆ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಇದೆ. ವಿದ್ಯುತ್ ಉತ್ಪಾದನೆಗೆ ಅಲ್ಲಿಂದ ನೀರು ಬಿಟ್ಟಷ್ಟೂ ಕೆಳಗಿನ ಹೊಳೆಯ ಮಟ್ಟ ಏರುತ್ತದೆ. ಗಣೇಶಗುಡಿಯ ರ‍್ಯಾಫ್ಟಿಂಗ್ ನಡೆಯುವುದೂ ಇದೇ ನೀರಿನ ಮೇಲೆ. ಹೋಮ್‌ಸ್ಟೇ ಅಥವಾ ರೆಸಾರ್ಟ್‌ನವರಿಗೆ ಫೋನ್ ಮಾಡಿದಾಗ ‘ಈ ವಾರ ಹೊಳ್ಯಾಗ ನೀರು ಎಷ್ಟೈತ್ರಿ, ಕಲ್ಲು ಕಾಣಾಕತ್ತಾವೇನ್ರಿ’ ಎಂದು ಕೇಳಿ. ‘ಮೊಸಳೆ ಕಾಣ್ತಾವೇನ್ರಿ’ ಎಂದರೆ ‘ಹೌದ್ರಿ’ ಎಂಬ ಉತ್ತರ ಯಾವಾಗಲೂ ಸಿಗುತ್ತದೆ, ಅದರಿಂದ ಪ್ರಯೋಜನವಿಲ್ಲ.

ದಂಡೆಗೆ ಹೋದ ಮೇಲೆ ನೀರಿನ ನಡುವೆ ಹುಡುಕಬೇಡಿ. ಮೊದಲು ಎದುರು ದಂಡೆಯ ಬಿಸಿಲು ಬಿದ್ದ ಇಳಿಜಾರು, ಆಮೇಲೆ ನಡುಗಡ್ಡೆಯ ಬಂಡೆ, ಕೊನೆಗೆ ನೀರು, ಹೀಗೆ ಎಡದಿಂದ ಬಲಕ್ಕೆ ನಿಧಾನವಾಗಿ ಕಣ್ಣಾಡಿಸಬೇಕು. ಒಣಗಿದ ಮೈ ಬೂದು ಮಣ್ಣಿನ ಬಣ್ಣಕ್ಕಿರುತ್ತದೆ, ಆಗಷ್ಟೇ ಮೇಲೆ ಬಂದದ್ದು ಕಪ್ಪಗೆ ಹೊಳೆಯುತ್ತದೆ. ಕಪ್ಪು ಮೊಸಳೆ ಕಂಡರೆ ಅಲ್ಲೇ ನಿಂತು ಕಾಯಿರಿ. ಅದು ಈಗ ತಾನೆ ಬಂದಿದೆ, ಮುಂದಿನ ಒಂದು ತಾಸು ಅಲ್ಲಿಂದ ಕದಲುವ ಸಂಭವ ಕಡಿಮೆ. ಮೈ ಕಾದ ಮೇಲೆ ಬಾಯಿ ತೆರೆಯುತ್ತದೆ. ಹೆದರಿಸಲು ಹಾಗೆ ಮಾಡುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಬಾಯೊಳಗಿನ ತೇವದ ಚರ್ಮದಿಂದ ನೀರು ಆವಿಯಾಗಿ ತಲೆಯ ಬಿಸಿ ಇಳಿಯುವುದು ಅದರ ಒಂದು ಲಾಭ. ಬೈನಾಕ್ಯುಲರ್‌ನಲ್ಲಿ ಆ ಬಾಯಿಯನ್ನು ಸಾವಕಾಶವಾಗಿ ನೋಡಿ. ನಾಲಿಗೆ ಕೆಳದವಡೆಗೆ ಅಂಟಿಕೊಂಡೇ ಇರುತ್ತದೆ, ಹೊರಗೆ ಚಾಚಲು ಬರುವುದಿಲ್ಲ. ನಾಲಿಗೆಯ ಹಿಂದೆ ಗಂಟಲನ್ನು ಮುಚ್ಚುವ ತೊಗಲಿನ ಪರದೆ ಇದೆ. ನೀರಿನಡಿ ಬೇಟೆಯನ್ನು ಕಚ್ಚಿ ಹಿಡಿದಾಗ ಶ್ವಾಸನಾಳಕ್ಕೆ ನೀರು ನುಗ್ಗದಂತೆ ತಡೆಯುವುದು ಅದೇ. ಮೂಗಿನ ಹೊಳ್ಳೆ, ಕಣ್ಣು, ಕಿವಿ ಮೂರೂ ತಲೆಯ ಮೇಲ್ಗಡೆ ಒಂದೇ ಮಟ್ಟದಲ್ಲಿರುವುದನ್ನೂ ಗಮನಿಸಿ. ನೀರಿನಲ್ಲಿ ಇಡೀ ಮೊಸಳೆ ಮುಳುಗಿ ಈ ಮೂರು ಮಾತ್ರ ಮೇಲಿದ್ದರೆ ಬರಿಗಣ್ಣಿಗೆ ಕಾಣುವುದು ಎರಡು ಗುಬುಟು ಅಷ್ಟೇ.

ಉದ್ದ ಅಂದಾಜು ಮಾಡುವುದಕ್ಕೆ ಒಂದು ಲೆಕ್ಕ ಇದೆ: ತಲೆಯ ಉದ್ದದ ಸುಮಾರು ಏಳು ಪಟ್ಟು ಮೈಯುದ್ದ. ಪೂರ್ತಿ ಮೈ ಕಾಣದಿದ್ದರೂ ತಲೆಯ ಪಕ್ಕದಲ್ಲಿ ಕೂತ ಬೆಳ್ಳಕ್ಕಿಯನ್ನೋ ಕಲ್ಲನ್ನೋ ಅಳತೆಗೆ ಇಟ್ಟುಕೊಂಡು ಲೆಕ್ಕ ಹಾಕಬಹುದು. ದೊಡ್ಡ ಮಗ್ಗರ್ 3ರಿಂದ 4 ಮೀಟರ್ ಇರುತ್ತದೆ. ‘ಇಪ್ಪತ್ತು ಅಡಿ ಮೊಸಳೆ’ ಎಂದು ಯಾರಾದರೂ ತೋರಿಸಿದರೆ ತಲೆಯಿಂದ ಒಮ್ಮೆ ಲೆಕ್ಕ ಹಾಕಿ ನೋಡಿ.

ಸುರಕ್ಷತೆಯ ವಿಷಯಕ್ಕೆ ಬಂದರೆ, ಇದು ಬೇಲಿ ಹಾಕಿದ ಪ್ರದರ್ಶನವಲ್ಲ. ದಾಂಡೇಲಿಯಲ್ಲೇ 2021ರಲ್ಲಿ ನದಿ ದಂಡೆಯಲ್ಲಿದ್ದ ಹುಡುಗನನ್ನು ಮೊಸಳೆ ಎಳೆದೊಯ್ದಿದೆ. ನೀರಿನ ಅಂಚಿನಿಂದ ಕನಿಷ್ಠ 10 ಮೀಟರ್ ದೂರ ನಿಲ್ಲಿ, ಎತ್ತರದ ಜಾಗ ಆರಿಸಿ. ಕೈಕಾಲು ತೊಳೆಯುವುದು, ತೆಂಗಿನಕಾಯಿ ಚಿಪ್ಪು ನೀರಿಗೆ ಬಿಡುವುದು, ಮಕ್ಕಳನ್ನು ಅಂಚಿನಲ್ಲಿ ನಿಲ್ಲಿಸಿ ಫೋಟೋ ತೆಗೆಯುವುದು ಯಾವುದೂ ಬೇಡ. ಬಿಸಿಲಿಗೆ ಮಲಗಿದ ಮೊಸಳೆಗಿಂತ ಕಾಣದೆ ನೀರಿನಡಿ ಇರುವ ಮೊಸಳೆ ಅಪಾಯ. ಕೋಳಿ, ಮೀನಿನ ತ್ಯಾಜ್ಯವನ್ನು ಎಸೆದು ಮೊಸಳೆ ಕರೆಸುತ್ತೇನೆ ಎನ್ನುವವರು ಸಿಕ್ಕರೆ ಅಲ್ಲಿಂದ ಹೊರಡಿ. ಹಾಗೆ ಮಾಡುವುದರಿಂದ ಮನುಷ್ಯರ ಸದ್ದು ಕೇಳಿದರೆ ಊಟ ಎಂದು ಅದು ಕಲಿಯುತ್ತದೆ, ಅದರ ಬೆಲೆಯನ್ನು ಆಮೇಲೆ ತೆರುವವರು ಬಟ್ಟೆ ಒಗೆಯಲು ಬರುವ ಅಲ್ಲಿನ ಹೆಣ್ಣುಮಕ್ಕಳು. ಫೆಬ್ರವರಿಯಿಂದ ಏಪ್ರಿಲ್‌ ನಡುವೆ ಹೆಣ್ಣು ಮೊಸಳೆ ದಂಡೆಯ ಮಣ್ಣಿನಲ್ಲಿ ಗುಣಿ ತೋಡಿ 25–30 ಮೊಟ್ಟೆ ಇಡುತ್ತದೆ, ಮಳೆ ಹಿಡಿಯುವ ಹೊತ್ತಿಗೆ ಮರಿ ಹೊರಬರುತ್ತವೆ. ಅಲ್ಲಿಯವರೆಗೆ ತಾಯಿ ಹತ್ತಿರದಲ್ಲೇ ಕಾವಲಿರುತ್ತದೆ. ಆ ತಿಂಗಳುಗಳಲ್ಲಿ ಮರಳಿನ ದಿಣ್ಣೆ ಹತ್ತಬಾರದು. ಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಬಿಸಿಯೇ ತೀರ್ಮಾನಿಸುತ್ತದೆ: 32–33 ಡಿಗ್ರಿ ಆಸುಪಾಸಿನಲ್ಲಿ ಗಂಡು ಹೆಚ್ಚು, ಅದಕ್ಕಿಂತ ತಂಪಾದರೆ ಹೆಣ್ಣು. ಗೂಡಿನ ಮೇಲಿನ ಮರ, ಪೊದೆ ಕಡಿದರೆ ಹಾಳಾಗುವುದು ನೆರಳಷ್ಟೇ ಅಲ್ಲ.

ಬೈನಾಕ್ಯುಲರ್ ಇಲ್ಲದೆ ದಾಂಡೇಲಿಗೆ ಹೋಗುವುದು ಅರ್ಧ ವ್ಯರ್ಥ. 8x42 ಅಳತೆಯದ್ದು (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು) ಈ ಕೆಲಸಕ್ಕೆ ಸರಿ. 20x ಎಂದು ಜಾತ್ರೆಯಲ್ಲಿ ಮಾರುವವು ಕೈಯಲ್ಲಿ ನಡುಗಿ ಏನೂ ಕಾಣಿಸುವುದಿಲ್ಲ. ಮೊಬೈಲ್ ಝೂಮ್ ನಂಬಿ ಹೋದವರ ಫೋಟೋದಲ್ಲಿ ಬರುವುದು ಬೂದು ಪಟ್ಟಿ ಮಾತ್ರ.

ಬಿಂಕದಕಟ್ಟಿಯ ಗುಣವೇ ಬೇರೆ. ಹುಬ್ಬಳ್ಳಿಯಿಂದ ಗದಗ ರಸ್ತೆಯಲ್ಲಿ ಹೋಗುವಾಗ ಗದಗ ಮುಟ್ಟುವ ಮುಂಚೆಯೇ ಸಿಗುತ್ತದೆ. ಗದಗ ನಗರದಿಂದ ಸುಮಾರು 5 ಕಿ.ಮೀ. ಕರ್ನಾಟಕ ಮೃಗಾಲಯ ಪ್ರಾಧಿಕಾರದ ಕೈಕೆಳಗಿನ ಸಣ್ಣ ಮೃಗಾಲಯ ಇದು. ಸಣ್ಣದಾಗಿರುವುದೇ ಇದರ ದೊಡ್ಡ ಅನುಕೂಲ. ಮೈಸೂರಿನಲ್ಲಿ ಸರೀಸೃಪಗಳ ವಿಭಾಗ ಮುಟ್ಟುವಷ್ಟರಲ್ಲಿ ಮಕ್ಕಳ ಕಾಲು ಸೋತಿರುತ್ತವೆ, ಇಲ್ಲಿ ಹಾಗಾಗುವುದಿಲ್ಲ. ಬರುವ ಮಂದಿ ಹುಲಿ, ಸಿಂಹದ ಮುಂದೆ ಗುಂಪುಗಟ್ಟುತ್ತಾರೆ. ಮೊಸಳೆ, ಆಮೆಗಳ ಮುಂದೆ ಅರ್ಧ ನಿಮಿಷ ನಿಂತು ‘ಸತ್ತೈತೇನ್ ಇದು’ ಎಂದು ಮುಂದೆ ಹೋಗುತ್ತಾರೆ. ಅಲ್ಲೇ ಒಂದು ಹತ್ತು ನಿಮಿಷ ನಿಲ್ಲುವವರಿಗೆ ಟಿಕೆಟ್ಟಿನ ದುಡ್ಡು ಪೂರ್ತಿ ವಸೂಲಿ. ಮೃಗಾಲಯಗಳ ನಡುವೆ ಪ್ರಾಣಿಗಳ ವಿನಿಮಯ ನಡೆಯುತ್ತಿರುವುದರಿಂದ ಯಾವ ಜಾತಿ ಈಗ ಇದೆ ಎಂಬುದು ಬದಲಾಗುತ್ತಿರುತ್ತದೆ. ವಾರದ ರಜೆ ದಿನವನ್ನೂ, ಸದ್ಯ ಏನೇನಿವೆ ಎಂಬುದನ್ನೂ ಹೊರಡುವ ಮುಂಚೆ ಫೋನಿನಲ್ಲಿ ಕೇಳಿಕೊಳ್ಳಿ. ಗದಗದ ಬಿಸಿಲಿಗೆ ಏಪ್ರಿಲ್‌, ಮೇ ತಿಂಗಳಲ್ಲಿ ಬಾಗಿಲು ತೆರೆದ ಮೊದಲ ಒಂದು ತಾಸು ಮಾತ್ರ ಉಪಯೋಗಕ್ಕೆ ಬರುತ್ತದೆ.

ಬಿಂಕದಕಟ್ಟಿಯಿರಲಿ, ಬೇರೆ ಯಾವ ಮೃಗಾಲಯವೇ ಇರಲಿ, ಸರೀಸೃಪಗಳ ಮನೆ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡಲು ಬಣ್ಣ ಹೊಡೆದ ಗೋಡೆ, ಬೋರ್ಡು ಲೆಕ್ಕಕ್ಕಿಲ್ಲ. ಮೊದಲು ನೋಡಬೇಕಾದದ್ದು ಒಂದೇ ಗೂಡಿನೊಳಗೆ ಬಿಸಿಯ ಜಾಗ, ತಂಪಿನ ಜಾಗ ಎರಡೂ ಇವೆಯೇ ಎಂದು. ಹಾವಿನ ಗಾಜಿನ ಮನೆಯಲ್ಲಿ ಒಂದು ಮೂಲೆ 30–32 ಡಿಗ್ರಿ ಇದ್ದರೆ ಎದುರು ಮೂಲೆ 25–26 ಇರಬೇಕು. ಇಡೀ ಪೆಟ್ಟಿಗೆ ಒಂದೇ ಬಿಸಿಯಾದರೆ ಹಾವಿಗೆ ಮೈ ಹದ ಮಾಡಿಕೊಳ್ಳಲು ದಾರಿಯೇ ಇಲ್ಲ, ತಿಂದದ್ದೂ ಸರಿಯಾಗಿ ಜೀರ್ಣವಾಗುವುದಿಲ್ಲ. ಎರಡನೆಯದು ಅಡಗುವ ಜಾಗ. ಅಡಗುದಾಣ ಇದ್ದರೆ ಹಾವು ಕಾಣುವುದಿಲ್ಲ ಎಂದು ನೋಡಲು ಬಂದವರು ಗೊಣಗುತ್ತಾರೆ, ಆದರೆ ಅದಿಲ್ಲದ ಹಾವು ದಿನವಿಡೀ ಹೆದರಿಕೆಯಲ್ಲೇ ಇರುತ್ತದೆ. ಮೂತಿಯ ತುದಿ ಕೆಂಪಾಗಿ ಕಿತ್ತುಹೋಗಿದ್ದರೆ ಅದು ಜಾಲರಿಗೋ ಗಾಜಿಗೋ ಮುಖ ಉಜ್ಜಿ ಹೊರಗೆ ಹೋಗಲು ಹವಣಿಸುತ್ತಿದೆ ಎಂದರ್ಥ.

ಪೊರೆ ಒಳ್ಳೆಯ ಸಾಕ್ಷಿ. ಗೂಡಿನಲ್ಲಿ ಕಳಚಿದ ಪೊರೆ ಬಿದ್ದಿದ್ದರೆ ಅದು ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡಾಗಿದೆಯೇ ನೋಡಿ. ಹಾವು ಮೂತಿಯನ್ನು ಕಲ್ಲಿಗೋ ಕಟ್ಟಿಗೆಗೋ ಉಜ್ಜಿ ಅಲ್ಲಿ ಸೀಳಿಕೊಂಡು, ಕಾಲುಚೀಲ ತೆಗೆದಂತೆ ಒಳಮುಖ ಹೊರಗಾಗಿಸುತ್ತ ಹೊರಬರುತ್ತದೆ. ಕಣ್ಣಿನ ಮೇಲಿನ ಪಾರದರ್ಶಕ ಹೊರಪೊರೆಯೂ ಅದರ ಜೊತೆಗೇ ಬರಬೇಕು. ಪೊರೆ ಚೂರುಚೂರಾಗಿದ್ದರೆ ಒಳಗೆ ತೇವ ಸಾಲದು, ಇಲ್ಲವೇ ಮೈ ನೆನೆಸುವಷ್ಟು ದೊಡ್ಡ ನೀರಿನ ಪಾತ್ರೆ ಇಲ್ಲ, ಅಥವಾ ಹಾವಿಗೆ ಆರೋಗ್ಯವಿಲ್ಲ. ಪೊರೆ ಬಿಡುವ ಕೆಲವು ದಿನ ಮುಂಚೆ ಕಣ್ಣು ಹಾಲು ಬೆರೆಸಿದ ನೀಲಿಯಾಗುತ್ತದೆ. ಆಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಸಿಟ್ಟೂ ಜಾಸ್ತಿ. ಅಂಥ ಹಾವಿನ ಗಾಜು ಬಡಿಯುವುದು ಹಿಂಸೆಯೇ. ಹಾವಿಗೆ ಹೊರಗಿವಿ ಇಲ್ಲ, ಆದರೆ ನೆಲದ, ಗಾಜಿನ ಕಂಪನ ದವಡೆಯ ಮೂಳೆಯ ಮೂಲಕ ಒಳಗಿವಿ ಮುಟ್ಟುತ್ತದೆ. ನೀವು ಬೆರಳಿನಿಂದ ಟಕಟಕ ಎನ್ನಿಸಿದ್ದು ಅದಕ್ಕೆ ಪೂರ್ತಿ ಗೊತ್ತಾಗುತ್ತದೆ.

ಮೊಸಳೆ ಕೊಳದ ನೀರು ಹಸಿರಾಗಿದೆ ಎಂದು ದೂರುವವರಿದ್ದಾರೆ. ಹಸಿರು ಪಾಚಿಯಿಂದ ಮೊಸಳೆಗೆ ತೊಂದರೆ ಇಲ್ಲ. ಕೊಳೆತ ಮಾಂಸದ ವಾಸನೆ ಬಂದರೆ ಮಾತ್ರ ದೂರಬೇಕು. ಮೈ ಪೂರ್ತಿ ಮುಳುಗುವಷ್ಟು ಆಳ, ಎಲ್ಲ ಮೊಸಳೆಗಳೂ ಒಟ್ಟಿಗೆ ಮೇಲೆ ಮಲಗುವಷ್ಟು ನೆಲ, ಮೊಟ್ಟೆ ಇಡಲು ಬರೀ ಸಿಮೆಂಟಲ್ಲದ ಮರಳು ಬೇಕು. ನೆಲ ಸಾಲದ ಕಡೆ ದೊಡ್ಡದು ಚಿಕ್ಕದನ್ನು ಓಡಿಸುತ್ತದೆ, ಬಾಲದ ತುದಿ, ಕಾಲಿನ ಬೆರಳು ಹೋಗಿರುವ ಮೊಸಳೆಗಳು ಕಾಣುವುದು ಅಂಥಲ್ಲೇ. ಅಲುಗಾಡದ ಮೊಸಳೆಗೆ ಕಲ್ಲು, ನಾಣ್ಯ, ಬಾಟಲಿ ಎಸೆಯುವ ಕೆಟ್ಟ ಚಟ ನಮ್ಮಲ್ಲಿ ಇನ್ನೂ ಹೋಗಿಲ್ಲ. ಮೊಸಳೆಗಳು ಕಲ್ಲು ನುಂಗುವುದು ಸಹಜ, ಅದರ ಜೊತೆ ಪ್ಲಾಸ್ಟಿಕ್ಕೂ ಒಳಗೆ ಹೋದರೆ ಹೊಟ್ಟೆ ಕಟ್ಟಿ ಸಾಯುತ್ತದೆ. ಊಟ ಹಾಕುವುದನ್ನು ನೋಡಬೇಕು ಎಂದು ದಿನಾ ಮಧ್ಯಾಹ್ನ ಕಾಯುವುದೂ ತಪ್ಪು ಲೆಕ್ಕ. ದೊಡ್ಡ ಮೊಸಳೆಗೆ ವಾರಕ್ಕೆ ಒಂದೆರಡು ಸಲ ಆಹಾರ ಸಾಕು, ಚಳಿಗಾಲದಲ್ಲಿ ಇನ್ನೂ ಕಡಿಮೆ.

ನಕ್ಷತ್ರ ಆಮೆ ಕಂಡರೆ ಅದರ ತಟ್ಟೆಯಲ್ಲಿ ಏನಿದೆ ನೋಡಿ. ಹುಲ್ಲು, ಸೊಪ್ಪು, ಕಳ್ಳಿ ಎಲೆ ಇದಕ್ಕೆ ಸರಿಯಾದ ಊಟ. ಬರೀ ಟೊಮೆಟೊ, ಬಾಳೆಹಣ್ಣು ರಾಶಿ ಹಾಕಿದ್ದರೆ ಸಾಕುವವರಿಗೆ ತಿಳಿವಳಿಕೆ ಸಾಲದು. ಈ ಆಮೆ ನಮ್ಮ ಬಯಲುಸೀಮೆಯದ್ದೇ. ಮನೆಯಲ್ಲಿಟ್ಟರೆ ಅದೃಷ್ಟ ಎಂಬ ನಂಬಿಕೆಯಿಂದ ದಾರಿಯಲ್ಲಿ ಸಿಕ್ಕದ್ದನ್ನು ಎತ್ತಿಕೊಂಡು ಹೋಗುವವರು, ಹಡಗು, ವಿಮಾನಗಳಲ್ಲಿ ಹೊರದೇಶಕ್ಕೆ ಸಾಗಿಸುವವರು ಸೇರಿ ಇದನ್ನು ಖಾಲಿ ಮಾಡುತ್ತಿದ್ದಾರೆ. 2019ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸಂಪೂರ್ಣ ತಡೆ ಬಿದ್ದಿದೆ. ‘ಎರಡು ತಲೆ ಹಾವು’ ಎಂದು ಲಕ್ಷಗಟ್ಟಲೆ ಬೆಲೆ ಹೇಳುವ ಮಣ್ಣುಮುಕ್ಕನ ಕಥೆಯೂ ಇಂಥದ್ದೇ. ಅದಕ್ಕಿರುವುದು ಒಂದೇ ತಲೆ, ಮೊಂಡು ಬಾಲ ನೋಡಿ ಮೋಸ ಹೋಗುತ್ತಾರೆ.

ಮಕ್ಕಳ ಜೊತೆ ಹೋದವರು ಹಾವಿನ ಮನೆಗಳ ಮುಂದೆ ಒಂದು ಕೆಲಸ ಮಾಡಲೇಬೇಕು. ಅದೇನೆಂದರೆ ಹೊಲ, ಮನೆಗಳಲ್ಲಿ ಒಂದರಂತೆ ಇನ್ನೊಂದು ಕಾಣುವ ಹಾವುಗಳನ್ನು ಗುರುತು ಹಿಡಿಯಲು ಕಲಿಯುವುದು. ಕೇರೆ ಹಾವಿಗೆ ದೊಡ್ಡ ದುಂಡು ಕಣ್ಣು, ತುಟಿಯ ಮೇಲೆ ಕಪ್ಪು ಗೆರೆಗಳು, ಹೆಡೆ ಇಲ್ಲ. ನಾಗರಹಾವು ಹೆಡೆ ಎತ್ತದೆ ಹರಿಯುವಾಗ ಇದರ ಹಾಗೇ ಕಾಣುತ್ತದೆ. ಕೊಳಕುಮಂಡಲದ ಬೆನ್ನ ಮೇಲೆ ಸರಪಳಿ ಹೆಣೆದಂಥ ಮೂರು ಸಾಲು ದುಂಡು ಗುರುತುಗಳಿರುತ್ತವೆ. ಮಚ್ಚೆಯ ಮಣ್ಣುಮುಕ್ಕ (ಮೇಲೆ ಹೇಳಿದ ‘ಎರಡು ತಲೆ ಹಾವಿ’ಗಿಂತ ಬೇರೆ ಜಾತಿ), ಹೆಬ್ಬಾವಿನ ಮರಿಗಳ ಮೇಲಿನ ಮಚ್ಚೆಗಳಿಗೆ ಆ ಶಿಸ್ತು ಇಲ್ಲ. ಎಲ್ಲಕ್ಕಿಂತ ಕಷ್ಟ ತೋಳಹಾವು ಮತ್ತು ಕಟ್ಟುಹಾವು. ತೋಳಹಾವಿನ ಬಿಳಿ ಪಟ್ಟೆಗಳು ಕುತ್ತಿಗೆಯ ಹತ್ತಿರ ಎದ್ದು ಕಂಡು ಬಾಲದ ಕಡೆಗೆ ಮಾಸುತ್ತವೆ. ವಿಷದ ಕಟ್ಟುಹಾವಿನಲ್ಲಿ ಪಟ್ಟೆಗಳು ತಲೆಯಿಂದ ಸ್ವಲ್ಪ ದೂರದಲ್ಲಿ ಶುರುವಾಗಿ ಬಾಲದವರೆಗೂ ಸ್ಪಷ್ಟ. ಬೆನ್ನಿನ ನಟ್ಟನಡುವಿನ ಸಾಲಿನ ಹುರುಪೆಗಳು ಅಕ್ಕಪಕ್ಕದವುಗಳಿಗಿಂತ ದೊಡ್ಡವು, ಆರು ಮೂಲೆಯವು. ಇದನ್ನು ಗಾಜಿನ ಹೊರಗಿನಿಂದಲೇ ಕಲಿಯಬೇಕು. ಮನೆಯಲ್ಲಿ ಹಾವು ಹೊಕ್ಕಾಗ ಬಗ್ಗಿ ಹುರುಪೆ ಎಣಿಸಲು ಹೋಗಬಾರದು.

ಆಗುಂಬೆ ಹುಬ್ಬಳ್ಳಿಯಿಂದ ಹಾವೇರಿ, ಶಿವಮೊಗ್ಗ, ತೀರ್ಥಹಳ್ಳಿ ಮೇಲೆ 250 ಕಿ.ಮೀ.ಗೂ ಹೆಚ್ಚು. ಎರಡು ರಾತ್ರಿ ಇಟ್ಟುಕೊಂಡೇ ಹೊರಡಿ. ಇಲ್ಲಿ ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರ ಇದೆ, ಪಿ. ಗೌರಿಶಂಕರ್ ಅವರ ಕಾಳಿಂಗ ಕೇಂದ್ರವೂ ಇದೆ. ಮಳೆಕಾಡಿನ ಕೇಂದ್ರದಲ್ಲಿ ಕಾಳಿಂಗ ಸರ್ಪಗಳ ಮೈಯೊಳಗೆ ಸಣ್ಣ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು, ಅವು ಎಲ್ಲಿ ಹೋಗುತ್ತವೆ, ಏನು ತಿನ್ನುತ್ತವೆ ಎಂದು ದಿನದಿನ ಬೆನ್ನುಹತ್ತಿ ದಾಖಲು ಮಾಡಿದ ಕೆಲಸ 2008ರಲ್ಲಿ ಶುರುವಾಯಿತು. ಇಷ್ಟು ಓದಿ ‘ಹೋದರೆ ಕಾಳಿಂಗ ತೋರಿಸುತ್ತಾರೆ’ ಎಂದು ಹೊರಡುವುದೇ ದೊಡ್ಡ ತಪ್ಪು. ಇವು ಸಂಶೋಧನೆಯ ಜಾಗಗಳು, ಪಂಜರ ಇಟ್ಟು ಟಿಕೆಟ್ ಹರಿಯುವ ಜಾಗಗಳಲ್ಲ. ಮೊದಲೇ ಬರೆದು, ಒಪ್ಪಿಗೆ ಪಡೆದು, ಅವರು ನಡೆಸುವ ಶಿಬಿರಕ್ಕೋ ಕಾರ್ಯಾಗಾರಕ್ಕೋ ಸೇರಿಕೊಂಡರೆ ಮಾತ್ರ ಅರ್ಥ. ಹಾಗೆ ಹೋದವರಿಗೆ ಇಲ್ಲಿ ಸಿಗುವ ತಿಳಿವಳಿಕೆ ಬೇರೆಲ್ಲೂ ಸಿಗದು.

ಕಾಳಿಂಗ ಸಿಗಲಿಲ್ಲ ಎಂದು ಬೇಸರ ಪಡಬೇಕಾಗಿಯೂ ಇಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ರಾತ್ರಿ ನಡಿಗೆಯಲ್ಲಿ ಮಲಬಾರ್ ಗುಳಿಮಂಡಲ ಸಿಗುವ ಸಾಧ್ಯತೆ ಹೆಚ್ಚು. ಹಸಿರು, ಹಳದಿ, ಕಂದು ಹೀಗೆ ಒಂದೇ ಜಾತಿಗೆ ಹಲವು ಬಣ್ಣ. ಸೊಂಟದೆತ್ತರದ ಗಿಡದ ಕೊಂಬೆಯಲ್ಲಿ ಸುರುಳಿ ಸುತ್ತಿ ಒಂದೇ ಜಾಗದಲ್ಲಿ ದಿನಗಟ್ಟಲೆ ಕೂತಿರುತ್ತದೆ. ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಒಂದು ಸಣ್ಣ ಗುಳಿ ಕಾಣುತ್ತದಲ್ಲ, ಇಲಿಯಂಥ ಬಿಸಿರಕ್ತದ ಪ್ರಾಣಿಯ ಮೈಬಿಸಿಯನ್ನು ಕತ್ತಲಲ್ಲಿ ಗುರುತಿಸುವುದು ಅದರಿಂದ. ಟಾರ್ಚನ್ನು ನೇರ ಮುಖಕ್ಕೆ ಬಿಡದೆ ಪಕ್ಕದ ಎಲೆಗೆ ಬಿಟ್ಟರೆ ಗುಳಿ ಚೆನ್ನಾಗಿ ಕಾಣುತ್ತದೆ, ಹಾವಿಗೂ ಕಿರಿಕಿರಿ ಇಲ್ಲ. ಜಿಗಣೆಗೆ ಉದ್ದ ಕಾಲುಚೀಲ ಸಾಕು, ಹಾವಿಗೆ ಮೊಣಕಾಲಿನವರೆಗಿನ ಗಂಬೂಟು ಬೇಕು. ಚಪ್ಪಲಿಯಲ್ಲಿ ಬಂದವರನ್ನು ರಾತ್ರಿ ನಡಿಗೆಗೆ ಕರೆದೊಯ್ಯಲು ಒಪ್ಪುವ ಗೈಡ್ ಒಳ್ಳೆಯ ಗೈಡ್ ಅಲ್ಲ.

ಕಾಳಿಂಗವನ್ನು ಕಣ್ಣಾರೆ ನೋಡಲೇಬೇಕು ಎನ್ನುವವರಿಗೆ ಮಂಗಳೂರು ಹತ್ತಿರ ಮೂಡುಶೆಡ್ಡೆಯ ಪಿಲಿಕುಳ ಜೈವಿಕ ಉದ್ಯಾನ ಸರಿ. ಕಾಳಿಂಗ ಸರ್ಪಗಳನ್ನು ಸಂರಕ್ಷಣೆಗಾಗಿ ಸಾಕಿ ಮರಿ ಮಾಡಿಸುವ ಕೆಲಸಕ್ಕೆ ಹೆಸರಾದ ಜಾಗ ಅದು. ತಲೆಯ ಹಿಂಭಾಗದಲ್ಲಿ ಜೋಡಿ ದೊಡ್ಡ ಹುರುಪೆಗಳನ್ನು ಹುಡುಕಿ, ಅವು ನಾಗರಹಾವಿಗಿಲ್ಲ. ಹೆಡೆ ಕಿರಿದು, ಕನ್ನಡಕದ ಗುರುತೂ ಇಲ್ಲ. ಬುಸುಗುಡುವ ಸದ್ದು ನಾಗರಕ್ಕಿಂತ ಬಹಳ ತಗ್ಗು, ನಾಯಿ ಗುರುಗುಟ್ಟಿದಂತಿರುತ್ತದೆ. ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಇಡುವ ಹಾವೆಂದರೆ ಇದೇ. ಮಳೆಗಾಲದ ಮುಂಚೆ ಕಟ್ಟುವ ಆ ಗೂಡು ಎಷ್ಟೇ ಮಳೆ ಬಂದರೂ ಒಳಗೆ ನೀರು ಇಳಿಯದಷ್ಟು ಒತ್ತಾಗಿರುತ್ತದೆ. ಎಲ್ಲ ಕಡೆಯ ಕಾಳಿಂಗವೂ ಒಂದೇ ಜಾತಿ ಎಂದುಕೊಂಡಿದ್ದ ವಿಜ್ಞಾನಿಗಳು 2024ರಲ್ಲಿ ಅದನ್ನು ನಾಲ್ಕಾಗಿ ವಿಂಗಡಿಸಿ, ಪಶ್ಚಿಮ ಘಟ್ಟದ್ದಕ್ಕೆ ‘ಓಫಿಯೋಫೇಗಸ್ ಕಾಳಿಂಗ’ ಎಂದು ನಮ್ಮ ಹೆಸರನ್ನೇ ಇಟ್ಟಿದ್ದಾರೆ. ಬೋರ್ಡುಗಳಲ್ಲಿ ಹಳೆಯ ಹೆಸರಿದ್ದರೆ ಇದನ್ನು ನೆನಪಿಡಿ.

ಚೆನ್ನೈ ಕಡೆ ಹೋಗುವ ಕೆಲಸವಿದ್ದರೆ ಮಹಾಬಲಿಪುರಂ ರಸ್ತೆಯ ಮದ್ರಾಸ್ ಮೊಸಳೆ ಬ್ಯಾಂಕಿಗೆ ಅರ್ಧ ದಿನ ಎತ್ತಿಡಿ. 1976ರಲ್ಲಿ ಶುರುವಾದದ್ದು. ಹಲವು ದೇಶಗಳ ಮೊಸಳೆ ಜಾತಿಗಳನ್ನು ಪಕ್ಕಪಕ್ಕದಲ್ಲಿ ನೋಡಬಹುದು. ಘರಿಯಾಲ್‌ನ ಸಪೂರ ಮೂತಿ, ಗಂಡಿನ ಮೂತಿಯ ತುದಿಯ ಗಡಿಗೆಯಂಥ ಗುಬುಟು ನೋಡಿದರೆ ನಮ್ಮ ಮಗ್ಗರ್ ಎಷ್ಟು ಬೇರೆ ಎಂದು ಗೊತ್ತಾಗುತ್ತದೆ. ಹಾವು ಹಿಡಿಯುವುದರಲ್ಲಿ ಪಳಗಿದ ಇರುಳ ಬುಡಕಟ್ಟಿನವರ ಸಹಕಾರ ಸಂಘದವರು ಹಾವಿನ ವಿಷ ತೆಗೆಯುವುದನ್ನು ತೋರಿಸುವುದೂ ಅದೇ ಆವರಣದಲ್ಲಿ. ದೇಶದಲ್ಲಿ ತಯಾರಾಗುವ ಹಾವಿನ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ಅವರಿಂದ ಬರುತ್ತಿತ್ತು.

ದುಡ್ಡು ಕೊಡಬಾರದ ಜಾಗಗಳೂ ಇವೆ. ರೆಸಾರ್ಟ್‌ನವರು ಊಟದ ಮೇಲೆ ‘ಸ್ನೇಕ್ ಶೋ’ ಎಂದು ಹಾವು ಹಿಡಿದು ಕೊರಳಿಗೆ ಹಾಕಿ ಫೋಟೋ ತೆಗೆಸಿದರೆ ಎದ್ದು ಬನ್ನಿ, ಆಮೇಲೆ ಅರಣ್ಯ ಇಲಾಖೆಗೆ ತಿಳಿಸಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಅನುಮತಿ ಇಲ್ಲದೆ ಹಾವು ಹಿಡಿಯುವುದು, ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. 2022ರ ತಿದ್ದುಪಡಿಯ ನಂತರ ನಾಗರಹಾವು, ಕೊಳಕುಮಂಡಲ, ಕೇರೆ ಹಾವು ಕೂಡ ಹುಲಿಯಿರುವ ಒಂದನೇ ಅನುಸೂಚಿಯಲ್ಲೇ ಇವೆ. ನಾಗರ ಪಂಚಮಿಗೆ ಬುಟ್ಟಿ ಹೊತ್ತು ಬರುವವರ ಹಾವುಗಳ ಸ್ಥಿತಿಯಂತೂ ನೋಡಲಾಗದು. ಹಲ್ಲು ಕಿತ್ತು, ಕೆಲವೊಮ್ಮೆ ಬಾಯಿ ಹೊಲಿದು, ವಾರಗಟ್ಟಲೆ ನೀರು ಕೊಡದೆ ಒಣಗಿಸಿರುತ್ತಾರೆ. ಬಾಯಾರಿದ ಹಾವು ಹಾಲನ್ನೂ ಕುಡಿಯುತ್ತದೆ, ಅದು ಅದಕ್ಕೆ ಜೀರ್ಣವಾಗುವುದಿಲ್ಲ, ಶ್ವಾಸಕೋಶಕ್ಕೂ ಇಳಿಯುತ್ತದೆ. ಪಂಚಮಿಯ ಉಂಡಿ, ಜೋಕಾಲಿ ಎಲ್ಲ ಇರಲಿ, ಹಾಲನ್ನು ಕಲ್ಲು ನಾಗಪ್ಪನಿಗೆ ಎರೆಯಿರಿ.

ಆಗುಂಬೆಯಲ್ಲಾಗಲಿ, ಹೊಲದಲ್ಲಾಗಲಿ ಕಚ್ಚಿಸಿಕೊಂಡರೆ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದೇ ಹೆಚ್ಚು. ಬಿಗಿಯಾಗಿ ದಾರ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ, ಹಾವು ಹುಡುಕಿ ಹೊಡೆಯಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ, ಕಚ್ಚಿದ ಕೈ-ಕಾಲು ಅಲುಗದ ಹಾಗೆ ಪಟ್ಟಿ ಕಟ್ಟಿ, ಗಂಟೆ ಬರೆದಿಟ್ಟುಕೊಂಡು ಪ್ರತಿವಿಷ ಇರುವ ದೊಡ್ಡ ಆಸ್ಪತ್ರೆಗೆ ಹೊರಡಿ. ಹುಬ್ಬಳ್ಳಿಯಲ್ಲಿ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಗದಗದಲ್ಲಿ ಜಿಮ್ಸ್. ಕಟ್ಟುಹಾವು ಕಚ್ಚಿದ ಜಾಗದಲ್ಲಿ ಹೆಚ್ಚಾಗಿ ನೋವೂ ಇರುವುದಿಲ್ಲ, ಬಾವೂ ಇರುವುದಿಲ್ಲ, ಕೆಲವು ತಾಸುಗಳ ನಂತರ ರೆಪ್ಪೆ ಇಳಿಬೀಳತೊಡಗುತ್ತದೆ. ‘ಏನೂ ಆಗಿಲ್ಲ’ ಎಂದು ಮಲಗುವುದು ಅಲ್ಲೇ ಜೀವಕ್ಕೆ ಮುಳುವಾಗುತ್ತದೆ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಕಾಳಿಂಗಕ್ಕೆ, ಗುಳಿಮಂಡಲಕ್ಕೆ ಅಲ್ಲ. ಘಟ್ಟದ ಕಾಡಿನಲ್ಲಿ ಅಂತರ ಕಾಯ್ದುಕೊಳ್ಳಿ ಎಂದು ಗೈಡ್ ಹೇಳಿದಾಗ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2024ರಿಂದ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಖಾಸಗಿ ಆಸ್ಪತ್ರೆಗೆ ಹೋದರೂ ದಾಖಲಾಗಿದೆಯೇ ಎಂದು ಕೇಳಿ.

ಬಿಂಕದಕಟ್ಟಿಗೆ ಮಾರ್ಚ್‌, ಏಪ್ರಿಲ್‌ನಲ್ಲಿ ಹೋಗುವವರು ಬೆಳಿಗ್ಗೆ ಮೃಗಾಲಯ ಮುಗಿಸಿ ಗದಗದಿಂದ ಡಂಬಳದ ಕಡೆ, ಕಪ್ಪತಗುಡ್ಡದ ತಪ್ಪಲಿಗೆ ಗಾಡಿ ತಿರುಗಿಸಬಹುದು. ಗುಡ್ಡ ಈಗ ವನ್ಯಜೀವಿಧಾಮ, ಒಳಗೆ ನುಗ್ಗಬೇಕಿಲ್ಲ. ರಸ್ತೆ ಬದಿಯ ಕುರುಚಲು ಹುಲ್ಲು, ಸಣ್ಣ ಕಲ್ಲುಗಳ ಬಯಲೇ ಸಾಕು. ಗಂಟಲಿನಡಿ ಬೀಸಣಿಗೆ ಇರುವ ಓತಿಕ್ಯಾತದ ಗಂಡುಗಳು ಮಳೆಗಾಲದ ಮುಂಚಿನ ಈ ತಿಂಗಳುಗಳಲ್ಲಿ ಎತ್ತರದ ಕಲ್ಲು ಹತ್ತಿ ಬಣ್ಣದ ಬೀಸಣಿಗೆಯನ್ನು ಬಿಚ್ಚಿ ಮುಚ್ಚಿ ಹೆಣ್ಣನ್ನು ಕರೆಯುತ್ತವೆ. ಕಾರಿನಿಂದ ಇಳಿಯದೆ, ಎಂಜಿನ್ ಆರಿಸಿ, ಗಾಜು ಇಳಿಸಿ ಬೈನಾಕ್ಯುಲರ್ ಹಿಡಿದು ಕಾಯಿರಿ. ಇಳಿದು ನಡೆದರೆ ನೆರಳು ಬಿದ್ದೊಡನೆ ಓಡಿ ಪೊದೆ ಸೇರುತ್ತವೆ. ಹನ್ನೊಂದರ ಮೇಲೆ ಕಲ್ಲು ಸುಡುತ್ತದೆ, ಅವೂ ನೆರಳಿಗೆ ಸರಿಯುತ್ತವೆ. ಅಷ್ಟರೊಳಗೆ ಡಂಬಳ ದಾಟಿರಬೇಕು.